ಜೂನಿ ಗಿರಣಿಯ ಶೇಠ ಮೊರಾರಜಿ ಗೋಕುಳದಾಸ

ಮುಂಬಯಿಯ ಪ್ರಸಿದ್ಧ ಭಾಟಿಯಾ ವ್ಯಾಪಾರಿ ಶೇಠ ಮೊರಾರಜಿ ಗೋಕುಳದಾಸರು ಜನಿಸಿದ್ದು 1834ರಲ್ಲಿ. ಅರಳೆ ಬೆಳೆಯುವ ಸೀಮೆ, ನುರಿತ ನೇಕಾರರು, 1860ರಲ್ಲಿ ಬಂದ ರೈಲು ಇವುಗಳನ್ನು ಕಂಡು ಅವರು ಸೋಲಾಪುರವನ್ನು ಆರಿಸಿಕೊಂಡರು. 1877ರಲ್ಲಿ ಇಲ್ಲಿ ನೂಲು, ಬಟ್ಟೆಯ ಗಿರಣಿ ಆರಂಭವಾಯಿತು. ಅದೇ ಜೂನಿ ಗಿರಣಿ.

ಆಗ ಈ ಭಾಗದಲ್ಲಿ ಭೀಕರ ಬರಗಾಲ. ಹೊಲ ಒಣಗಿದ ಹೊತ್ತಿನಲ್ಲಿ ದುಡಿಯುವ ಕೈಗಳಿಗೆ ಕೂಲಿ ಸಿಕ್ಕಿತು. ಮುಂದೆ ಕನ್ನಡ, ಮರಾಠಿ, ತೆಲುಗು ಮಾತಿನ ಎಷ್ಟೋ ಮನೆಗಳ ಒಲೆ ಗಿರಣಿಯ ಪಗಾರದಿಂದ ಉರಿಯಿತು.

1880ರಲ್ಲಿ, 46ರ ಪ್ರಾಯದಲ್ಲೇ ಶೇಠಜಿಯವರು ಸ್ವರ್ಗವಾಸಿಗಳಾದರು. ಮಗ ನರೋತ್ತಮ ಆಗಿನ್ನೂ ಹಸುಳೆ. ಆದರೂ ಗಿರಣಿಯ ಭೋಂಗಾ ನಿಲ್ಲಲಿಲ್ಲ. 1949ರಲ್ಲಿ ಅದು ನಿಂತಾಗ ಸಾವಿರಾರು ಕುಟುಂಬಗಳು ಕಂಗಾಲಾದವು. ಮರುವರ್ಷ ಕೇಂದ್ರ ಸರ್ಕಾರವೇ ಆಡಳಿತ ವಹಿಸಿಕೊಂಡಿತು.

ಈಗ ಆ ಗಿರಣಿ ಇಲ್ಲ. ಹಸಿದವರಿಗೆ ಕಾಯಕ ಕೊಡುವುದೂ ದಾಸೋಹವೇ ಎಂಬುದನ್ನು ಭಕ್ತರು ಮರೆಯಬಾರದು.