ಕಾವೇರಿ ಗುಣವಾದಳು, ಮನೆ ಗುಣವಾಗಲಿಲ್ಲ: ಬಳ್ಳಾರಿಯಲ್ಲಿ ತ್ರಿವೇಣಿಯನ್ನು ಓದುತ್ತಾ

ಬಳ್ಳಾರಿಯ ಬೇಸಿಗೆ ರಾತ್ರಿ, ಸೆಕೆಗೆ ನಿದ್ದೆ ಬರುವ ಮಾತೇ ಇಲ್ಲ. ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದ ನಾನು ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು, ಅಮ್ಮನ ಟ್ರಂಕಿನಲ್ಲಿ ಸಿಕ್ಕ ಹಳೇ ಪುಸ್ತಕವೊಂದನ್ನು ತೆರೆದೆ. ಗಂಡ-ಹೆಂಡತಿ ಕಥೆ, ನಾಲ್ಕು ಪುಟಕ್ಕೆ ನಿದ್ದೆ ಬರುತ್ತೆ ಅಂದ್ಕೊಂಡಿದ್ದೆ. ಮುಗಿಸಿದಾಗ ಕೋಟೆ ಗುಡ್ಡದ ಮೇಲೆ ಬಿಸಿಲು ಬಿದ್ದಿತ್ತು. ಪುಸ್ತಕದ ಹೆಸರು 'ಶರಪಂಜರ'. ಬರೆದವರು ತ್ರಿವೇಣಿ.

ಅದರಲ್ಲಿ ಪೊಲೀಸರಿಲ್ಲ, ಪತ್ತೇದಾರರಿಲ್ಲ. ಸುಖವಾಗಿದ್ದ ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬರುತ್ತದೆ. ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಮರಳುತ್ತಾಳೆ. ಥ್ರಿಲ್ಲರ್ ಶುರುವಾಗೋದೇ ಅಲ್ಲಿಂದ. ಅವಳ ಒಂದೊಂದು ನಡೆಯನ್ನೂ ಮನೆ, ಊರು ಅನುಮಾನದಿಂದ ನೋಡುತ್ತವೆ. ಗಂಡನ ಮನಸ್ಸು ಇನ್ನೊಬ್ಬಳ ಕಡೆ ಹೊರಳಿರುತ್ತದೆ. ಓದುತ್ತಾ ಹೋದಂತೆ ನಮಗೆ ಕಾವೇರಿಯ ಭಯ ಹೋಗಿ, ಅವಳ ಸುತ್ತ ಇರುವವರ ಭಯ ಹುಟ್ಟುತ್ತದೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ.

ಇದನ್ನು ಬರೆದ ಹೆಂಗಸು ಯಾರು? ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು. ಮನೆಯವರಿಟ್ಟ ಹೆಸರು ಭಾಗೀರಥಿ, ಶಾಲೆಯಲ್ಲಿ ಅನಸೂಯಾ, ಓದುಗರಿಗೆ ತ್ರಿವೇಣಿ. ಬಿ.ಎಂ.ಶ್ರೀ ಅವರಿಗೆ ದೊಡ್ಡಪ್ಪ. ತಂಗಿ ಆರ್ಯಾಂಬ ಪಟ್ಟಾಭಿ, ಹತ್ತಿರದ ಬಂಧು ವಾಣಿ ಇಬ್ಬರೂ ಕಾದಂಬರಿಕಾರ್ತಿಯರೇ. ಮಂಡ್ಯದಲ್ಲಿ ಶಾಲೆ ಮುಗಿಸಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದರು. ಆರಿಸಿಕೊಂಡಿದ್ದು ಮನಃಶಾಸ್ತ್ರ. ನಲವತ್ತರ ದಶಕದ ಹುಡುಗಿಗೆ ಅದು ಸಾಮಾನ್ಯ ಆಯ್ಕೆಯಲ್ಲ.

ಇಂಗ್ಲಿಷ್ ಮೇಷ್ಟ್ರಾಗಿದ್ದ ಶಂಕರ್ ಅವರನ್ನು ಮದುವೆಯಾಗಿ ಮೈಸೂರಿನಲ್ಲೇ ಸಂಸಾರ ಹೂಡಿದರು. ಐವತ್ತರ ದಶಕದಲ್ಲಿ ಬರೆಯಲು ಕೂತವರು, ಹತ್ತು ವರ್ಷದ ಆಸುಪಾಸಿನಲ್ಲಿ ಸುಮಾರು 20 ಕಾದಂಬರಿ ಬರೆದರು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾದದ್ದು 1954ರಲ್ಲಿ. ಅಂದರೆ, ಆ ವಿಜ್ಞಾನ ನಮ್ಮಲ್ಲಿ ಕಣ್ಣು ಬಿಡುತ್ತಿದ್ದಾಗಲೇ ಈಕೆ ಅದನ್ನು ಅಡುಗೆಮನೆ, ನಡುಮನೆಗೆ ತಂದುಬಿಟ್ಟಿದ್ದರು. 'ಬೆಕ್ಕಿನ ಕಣ್ಣು', 'ಹಣ್ಣೆಲೆ ಚಿಗುರಿದಾಗ', 'ಬೆಳ್ಳಿಮೋಡ' ಎಲ್ಲದರಲ್ಲೂ ಕೇಳುವುದು ಒಂದೇ: ಮನಸ್ಸಿಗೆ ಪೆಟ್ಟು ಬಿದ್ದಾಗ ಮನೆ ಏನು ಮಾಡುತ್ತದೆ?

ಹೆಂಗಸರು ಹೆಂಗಸರಿಗಾಗಿ ಬರೆದದ್ದು ಎಂದು ವಿಮರ್ಶಕರಲ್ಲಿ ಹಲವರು ಇಂಥ ಬರವಣಿಗೆಯನ್ನು ಪಕ್ಕಕ್ಕೆ ಸರಿಸಿದರು. ಓದುಗರು ಸರಿಸಲಿಲ್ಲ. 1963ರ ಜುಲೈನಲ್ಲಿ, ಹೆಣ್ಣುಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತ್ರಿವೇಣಿ ತೀರಿಕೊಂಡರು. 35 ಕೂಡ ತುಂಬಿರಲಿಲ್ಲ. ಬಾಣಂತಿಯ ಸಂಕಟ ಬರೆದವರನ್ನು ಬಾಣಂತನವೇ ಕೊಂಡೊಯ್ಯಿತು. ಪುಟ್ಟಣ್ಣ ಕಣಗಾಲ್ 'ಬೆಳ್ಳಿಮೋಡ' (1967), ಆಮೇಲೆ 'ಶರಪಂಜರ'ವನ್ನು ತೆರೆಗೆ ತಂದಾಗ, ಎರಡರಲ್ಲೂ ಕಲ್ಪನಾ ನಟಿಸಿದ್ದನ್ನು ನೋಡಲು ಅವರಿರಲಿಲ್ಲ.

ಇನ್ನು ನಮ್ಮ ಜಿಲ್ಲೆಗೆ ಬರೋಣ. ಗಣಿಯಿಂದಷ್ಟೇ ಸುದ್ದಿಯಾಗುವ ಬಳ್ಳಾರಿಗೆ ಇನ್ನೊಂದು ಹೆಸರಿದೆ. 1985ರಿಂದ ಐದು ವರ್ಷ ನಿಮ್ಹಾನ್ಸ್ ಇಲ್ಲಿ ಒಂದು ಪ್ರಯೋಗ ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಲು, ಔಷಧಿ ಕೊಡಲು ತರಬೇತಿ ಕೊಟ್ಟಿತು. 'ಬಳ್ಳಾರಿ ಮಾದರಿ' ಅಂತಲೇ ಹೆಸರಾಯಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು.

ಅಂಥ ಜಿಲ್ಲೆಯಲ್ಲೇ ನನ್ನ ಸಣ್ಣಮ್ಮ ಇದ್ದಳು. ಕುರುಗೋಡಿನಿಂದ ಸಿರುಗುಪ್ಪಕ್ಕೆ, ಭತ್ತ ಬೆಳೆಯುವ ಮನೆಗೆ ಕೊಟ್ಟಿದ್ದರು. ಎರಡನೇ ಹೆರಿಗೆ ಆದಮೇಲೆ ನಿದ್ದೆ ಬಿಟ್ಟಳು, ಯಾರೋ ಕರೆದಂಗಾಗುತ್ತೆ ಅನ್ನತೊಡಗಿದಳು. ಬಳ್ಳಾರಿಯಲ್ಲಿ ತೋರಿಸಿದರು, ಕೆಲವು ತಿಂಗಳಲ್ಲಿ ಹುಷಾರಾದಳು. ಗಂಡನ ಮನೆಯವರು ಮಾತ್ರ ಕರೆಯಲು ಬರಲಿಲ್ಲ. ಮಕ್ಕಳು ಅಲ್ಲೇ ಉಳಿದವು.

ಕುರುಗೋಡಿನ ನಮ್ಮ ಮನೇಲಿ ಏನಾಯ್ತು? ದೊಡ್ಡ ಬಸವೇಶ್ವರನ ಜಾತ್ರೆಗೆ ಹೋದಾಗ ಅವಳು ಜೋಳದ ರೊಟ್ಟಿ ತಟ್ಟಲು ಕೂತರೆ ಯಾರಾದರೊಬ್ಬರು ಪಕ್ಕದಲ್ಲೇ ಕೂರೋರು, ಸಹಾಯಕ್ಕಲ್ಲ, ಕಾವಲಿಗೆ. ಈಳಿಗೆಮಣೆ ಎತ್ತಿಡೋ ಕೆಲಸ ನನ್ನದಾಗಿತ್ತು. ಹತ್ತು ವರ್ಷದವನು, ಅವಳ ಮುಂದೆಯೇ ಎತ್ತಿಡ್ತಿದ್ದೆ. ಅವಳು ನೋಡ್ತಿದ್ದಳು. ಏನೂ ಅನ್ನಲಿಲ್ಲ.

ಆ ರಾತ್ರಿ ಮಾಳಿಗೆ ಮೇಲೆ ನನಗೆ ಬೆವರಿದ್ದು ಸೆಕೆಗಲ್ಲ. ಕಾವೇರಿಯನ್ನು ಅನುಮಾನದಿಂದ ನೋಡುವವರ ಸಾಲಿನಲ್ಲಿ ನಾನೂ ಇದ್ದೆ.

2017ರ ಮಾನಸಿಕ ಆರೋಗ್ಯ ಕಾಯ್ದೆ, ಮನೆಯವರು ಒಪ್ಪಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಅನ್ನುತ್ತದೆ. ಸಮಾಜದ ನಡುವೆ ಬದುಕುವುದು ಹಕ್ಕು ಅನ್ನುತ್ತದೆ. ಅಷ್ಟರಮಟ್ಟಿಗೆ ಗೆಲುವೇ. ಅತ್ತ ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಇಂದಿಗೂ ವಿಚ್ಛೇದನಕ್ಕೆ ಒಂದು ಆಧಾರ. ಬಜೆಟ್ಟು, ಬೆಡ್ಡು, ಡಾಕ್ಟರ ಸಂಖ್ಯೆ ಕೇಳುವ ನಾವು ಕೇಳಲೇಬೇಕು. ಆದರೆ ಗುಣವಾಗಿ ಬಂದವರ ಕೈಗೆ ಈಳಿಗೆಮಣೆ ಕೊಡುವುದು ಯಾವ ಇಲಾಖೆಯ ಕೆಲಸವೂ ಅಲ್ಲ, ನಮ್ಮದು.

ಸಣ್ಣಮ್ಮ ಈಗಿಲ್ಲ. ಪುಸ್ತಕ ಓದಿದ ಮುಂದಿನ ವಾರ ಕುರುಗೋಡಿಗೆ ಹೋಗಿ, ಬದನೆಕಾಯಿ ಹೆಚ್ಚಿಕೊಡು ಅಂತ ನಾನೇ ಈಳಿಗೆಮಣೆ ತಂದು ಅವಳ ಮುಂದಿಟ್ಟಿದ್ದೆ. ಹತ್ತು ವರ್ಷ ತಡವಾಗಿತ್ತು.