ಜಪಾನನ್ನು ಕಂಡುಬಂದ ವಿಶ್ವೇಶ್ವರಯ್ಯನವರು

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿ, ಅದರಿಂದ ಬಂದ ಹಣದಲ್ಲಿ ತಾವು ಓದಿದರು. ಪುಣೆಯಲ್ಲಿ ಇಂಜಿನಿಯರಾಗಿ 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು.

1898ರಲ್ಲಿ ಅವರು ಜಪಾನಿಗೆ ತೆರಳಿ ಮೂರು ತಿಂಗಳು ಸಂಚರಿಸಿದರು. ಆ ದೇಶವು 1872ರಲ್ಲಿಯೇ ಸಾರ್ವತ್ರಿಕ ಶಿಕ್ಷಣಕ್ಕೆ ಅಡಿಗಲ್ಲಿಟ್ಟು, 1877ರಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿತ್ತು. ಪರದೇಶದ ಗುರುಗಳಿಂದ ಕಲಿತ ಶಾಸ್ತ್ರಗಳನ್ನು ಆ ಜನರು ಕ್ರಮೇಣ ತಮ್ಮ ನುಡಿಗೆ ತಂದುಕೊಂಡರು. ವಿದ್ಯೆ ಮತ್ತು ಕೈಗಾರಿಕೆಗಳೇ ನಾಡಿನ ಏಳಿಗೆಗೆ ಮೂಲವೆಂಬ ನಂಬಿಕೆ ವಿಶ್ವೇಶ್ವರಯ್ಯನವರಲ್ಲಿ ದೃಢವಾಯಿತು.

1912ರಲ್ಲಿ ಅವರು ಮೈಸೂರಿನ ದಿವಾನರಾದರು. ಅವರ ಆಡಳಿತಕಾಲದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಉದಯಿಸಿದವು. 1962ರಲ್ಲಿ ಅವರು ಕೀರ್ತಿಶೇಷರಾದರು.

ಮುಂಬಯಿಯಲ್ಲಿ ಕನ್ನಡದಲ್ಲಿ ಕಲಿಯುವ ನಾವು ಪರರ ವಿದ್ಯೆಯನ್ನು ಶ್ರದ್ಧೆಯಿಂದ ಅರಿತು, ನಮ್ಮ ನುಡಿಗೆ ತರುವುದೇ ಅವರಿಗೆ ಸಲ್ಲಿಸುವ ಗೌರವ.