ಸತ್ತವರ ಲೆಕ್ಕ ಇಟ್ಟ ಡಾಕ್ಟರ್

ಆಸ್‌ಬೆಸ್ಟಾಸ್ ಶೀಟು ಕೊಯ್ಯುವಾಗ, ಕೊರೆಯುವಾಗ ಏಳುವ ದೂಳಿನ ಎಳೆಗಳು ಶ್ವಾಸಕೋಶ ಸೇರಿದರೆ ಅಲ್ಲೇ ಕೂತುಬಿಡುತ್ತವೆ. ಕ್ಯಾನ್ಸರ್ ಕಾಣಿಸಿಕೊಳ್ಳೋದು ಸಾಮಾನ್ಯವಾಗಿ 20-40 ವರ್ಷಗಳ ಮೇಲೆ. ಅಷ್ಟೊತ್ತಿಗೆ ಕೆಲಸ ಬಿಟ್ಟಾಗಿರುತ್ತೆ, ಮೇಸ್ತ್ರಿ ಯಾರೆಂಬುದೂ ಮರೆತಿರುತ್ತೆ. ಸಾವು ಬರುತ್ತೆ, ಲೆಕ್ಕಕ್ಕೆ ಸಿಗಲ್ಲ. ಹಾಗಾಗಿ ನನಗೆ ಇರ್ವಿಂಗ್ ಸೆಲಿಕಾಫ್ ಇವತ್ತಿಗೂ ಮುಖ್ಯ ಅನಿಸೋದು.

1915ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈ ವೈದ್ಯ ಮೊದಲು ಹೆಸರು ಮಾಡಿದ್ದು ಕ್ಷಯದ ಔಷಧಿಯ ಪ್ರಯೋಗದಿಂದ. 1950ರ ದಶಕದಲ್ಲಿ ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ಕ್ಲಿನಿಕ್ ತೆರೆದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಆಸ್‌ಬೆಸ್ಟಾಸ್ ಕಾರ್ಖಾನೆಯ ಕಾರ್ಮಿಕರೂ ಇದ್ದರು. ಅವರ ಶ್ವಾಸಕೋಶ ನೋಡಿ ಸೆಲಿಕಾಫ್‌ಗೆ ಅನುಮಾನ ಬಂತು. ಆದರೆ ಕಂಪನಿ ದಾಖಲೆ ಕೊಡಲಿಲ್ಲ.

ಅವರು ಕಾರ್ಮಿಕ ಸಂಘದ ಬಾಗಿಲು ತಟ್ಟಿದರು. ಪೈಪು, ಬಾಯ್ಲರ್‌ಗಳಿಗೆ ಆಸ್‌ಬೆಸ್ಟಾಸ್ ಹೊದಿಕೆ ಸುತ್ತುವವರ ಸಂಘ ಅದು. ಸದಸ್ಯರ ಪಟ್ಟಿ ಅಚ್ಚುಕಟ್ಟಾಗಿತ್ತು. 1942ರ ಕೊನೆಗೆ ಪಟ್ಟಿಯಲ್ಲಿದ್ದ 632 ಜನ ಏನಾದರು ಅಂತ 1962ರವರೆಗೆ ಒಬ್ಬೊಬ್ಬರನ್ನೇ ಹುಡುಕಿದರು. ಶ್ವಾಸಕೋಶ ಮತ್ತು ಅದರ ಪೊರೆಯ ಕ್ಯಾನ್ಸರಿಗೆ ಆರೇಳು ಜನ ಸತ್ತಿರಬೇಕಿತ್ತು. ಸತ್ತಿದ್ದವರು 45.

1964ರಲ್ಲಿ ಈ ಅಂಕಿ ಪ್ರಕಟವಾಯ್ತು. ಉದ್ಯಮದ ವಕೀಲರಿಂದ ಎಚ್ಚರಿಕೆಯ ಪತ್ರವೂ ಬಂತು. ಸೆಲಿಕಾಫ್ ಬಾಯಿ ಮುಚ್ಚಲಿಲ್ಲ. ದೂಳಿನ ಜೊತೆ ಸಿಗರೇಟೂ ಸೇರಿದರೆ ಅಪಾಯ ಹಲವು ಪಟ್ಟು ಹೆಚ್ಚುತ್ತೆ ಅನ್ನೋದನ್ನೂ 1968ರಲ್ಲಿ ತೋರಿಸಿದರು. ಸಂಘಗಳಿಗೆ, ಪತ್ರಕರ್ತರಿಗೆ, ಸರ್ಕಾರಕ್ಕೆ ಹೇಳುತ್ತಲೇ ಹೋದರು. ತೀರಿಕೊಂಡಿದ್ದು 1992ರಲ್ಲಿ.

ಈ ದೂಳು ಕೆಟ್ಟದ್ದು ಅಂತ ಅವರಿಗಿಂತ ಮೊದಲೇ ಗೊತ್ತಿತ್ತು. ಬ್ರಿಟನ್ 1931ರಲ್ಲೇ ನಿಯಮ ತಂದಿತ್ತು. ಸೆಲಿಕಾಫ್ ಮಾಡಿದ್ದು, ತಳ್ಳಿಹಾಕಲಾಗದ ಲೆಕ್ಕ ಕೊಟ್ಟಿದ್ದು.

60ಕ್ಕೂ ಹೆಚ್ಚು ದೇಶಗಳು ಆಸ್‌ಬೆಸ್ಟಾಸ್ ನಿಷೇಧಿಸಿವೆ. ನಾವು ಇನ್ನೂ ತರಿಸಿಕೊಂಡು ಶೀಟು ಮಾಡ್ತಿದೀವಿ. ಕಾರ್ಖಾನೆಯ ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ ಇಡಬೇಕು ಅಂತ 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಿ, ಆದರೆ ಬಿಸಿಲಲ್ಲಿ ಛಾವಣಿ ಹತ್ತಿ ಶೀಟಿಗೆ ತೂತು ಹಾಕುವ ಹುಡುಗ ಯಾವ ಕಾರ್ಖಾನೆಯ ರಿಜಿಸ್ಟರಿನಲ್ಲಿದ್ದಾನೆ?

ಪಟ್ಟಿ ನಮ್ಮಲ್ಲೂ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಹೆಸರು ಬರೆದುಕೊಂಡು ಲೇಬರ್ ಕಾರ್ಡ್ ಕೊಡುತ್ತೆ. ಆ ಹೆಸರಿನ ಮುಂದೆ ಯಾವ ಕೆಲಸ, ಎಷ್ಟು ವರ್ಷ, ಎಕ್ಸ್‌ರೇ ಯಾವಾಗ, ಸತ್ತರೆ ಯಾವ ಕಾಯಿಲೆಯಿಂದ ಅನ್ನೋದನ್ನೂ ಬರೆಯಲಿ. ನನ್ನ ಬೇಡಿಕೆ ಇಷ್ಟೇ. ನಿಷೇಧದ ಹೋರಾಟಕ್ಕೆ ಬೇಕಾದ ಬಲ ಆ ಲೆಕ್ಕದಲ್ಲಿದೆ.